ಗಾದೆಯ ಕಾಡು ಯಾವುದು?

‘ಕಾಡು ಬಾ ಅನ್ನುತ್ತದೆ, ಊರು ಹೋಗು ಅನ್ನುತ್ತದೆ’ ಎಂಬ ಗಾದೆಯನ್ನು ನಾನು ಓದಿದ ಲೇಖನವೊಂದು ವಾನಪ್ರಸ್ಥದೊಂದಿಗೆ, ಅಂದರೆ ಮುಪ್ಪಿನಲ್ಲಿ ಮನೆ ಬಿಟ್ಟು ಕಾಡು ಸೇರುವುದರೊಂದಿಗೆ, ತಳುಕು ಹಾಕಿದೆ; ಅದನ್ನು ನಾನು ಒಪ್ಪಲಾರೆ. ಇಲ್ಲಿನ ಕಾಡು ತಪಸ್ಸಿನ ವನವಲ್ಲ, ಸುಡುಗಾಡು ಎಂಬ ಪದದಲ್ಲಿ ಇಂದಿಗೂ ಉಳಿದಿರುವ, ಊರಾಚೆಯ ಹೆಣದ ನೆಲ. ಹೆಚ್ಚುಕಡಿಮೆ ಇದೇ ಗಾದೆಯುಳ್ಳ ತಮಿಳಿನಲ್ಲಿ ಸುಡುವ ಜಾಗಕ್ಕೆ ‘ಸುಡುಕಾಡು’, ಹೂಳುವ ಜಾಗಕ್ಕೆ ‘ಇಡುಕಾಡು’ ಎಂದು ಎರಡು ಹೆಸರುಗಳೇ ಇವೆ. ಹೂಳುವ ಪದ್ಧತಿ ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ತೆಗೆದ ಬೃಹತ್ ಶಿಲಾಸಮಾಧಿಗಳೇ ಸಾಕ್ಷಿ. ನಮ್ಮೂರಿನಲ್ಲಿ ಹೆಣವನ್ನು ಸುಟ್ಟು ಬಂದವರೂ ‘ಮಣ್ಣಿಗೆ ಹೋಗಿದ್ದೆ’ ಎಂದೇ ಹೇಳುತ್ತಾರೆ. ಅಜ್ಜಿಯ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ, ಉಗುರಿನಲ್ಲಿ ಸಿಕ್ಕಿಕೊಂಡ ಕೆಮ್ಮಣ್ಣಿನೊಂದಿಗೆ ಮನೆಗೆ ಬಂದ ನನಗೆ ಆ ಮಾತು ಬರಿಯ ಅಲಂಕಾರವಾಗಿ ಕೇಳಿಸುವುದಿಲ್ಲ.