ಕ್ಯೋಟೊ ಕೊಡುವ ಅರಿಶಿನ-ಕುಂಕುಮ

ಜಪಾನಿನ ಕ್ಯೋಟೊದ ತೆರಿಗೆ ಸುದ್ದಿ ನೀವೂ ಓದಿರ್ತೀರಿ. 2026ರ ಮಾರ್ಚ್ 1ರಿಂದ ಆ ಊರಲ್ಲಿ ಒಂದು ರಾತ್ರಿ ಮಲಗಿ ಏಳುವುದಕ್ಕೆ ತಲೆಗೆ 10,000 ಯೆನ್‌ವರೆಗೆ ತೆರಿಗೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ಸಾವಿರ ರೂಪಾಯಿ. ಹಿಂದೆ ಎಷ್ಟೇ ದೊಡ್ಡ ಹೋಟೆಲಾದರೂ ಅದು 1,000 ಯೆನ್ ದಾಟುತ್ತಿರಲಿಲ್ಲ. ಸುದ್ದಿ ಬಂದ ಹತ್ತು ನಿಮಿಷಕ್ಕೆ ಭಾಮೈದನ ಫೋನು. "ಭಾವ, ನೋಡಿದ್ರಾ? ಹಾಡಹಗಲು ದರೋಡೆ ಇದು."

ಸಮಾಧಾನ ಹೇಳಿದೆ. ಆ ಹತ್ತು ಸಾವಿರ ಬೀಳುವುದು ಒಂದು ರಾತ್ರಿಗೆ ತಲೆಗೆ ಒಂದು ಲಕ್ಷ ಯೆನ್ ಕೊಟ್ಟು ಮಲಗುವವರಿಗೆ ಕಣಪ್ಪ. ನಾವು ಹೊರಟಿರುವ ಪ್ರವಾಸಕ್ಕೆ ನೋಡಿಟ್ಟಿರುವುದು ಮೂರು ಜನಕ್ಕೆ ಒಂದು ರೂಮು, ಅದರಲ್ಲಿ ಒಬ್ಬರಿಗೆ ನೆಲವೇ ಗತಿ. ತಲೆಗೆ ಒಂಬತ್ತು ಸಾವಿರ ಯೆನ್. ನಮಗೆ ಬೀಳುವ ತೆರಿಗೆ 400 ಯೆನ್. ಮೊದಲು 200 ಇತ್ತು.

"ಡಬಲ್ ಆಯ್ತಲ್ಲ ಭಾವ!"

ಆಯ್ತು. ಅವತ್ತೇ ಸಂಜೆ ಇದೇ ಮಹಾಶಯ ಮಾಲ್‌ನಲ್ಲಿ ಒಂದು ಡಬ್ಬಿ ಪಾಪ್‌ಕಾರ್ನ್‌ಗೆ ನಾನೂರು ರೂಪಾಯಿ ಕೊಟ್ಟು, ಚೀಸ್ ಇರೋದು ಬೇಕಾ ಅಂತ ಕೇಳಿದವನಿಗೆ ಥ್ಯಾಂಕ್ಸ್ ಹೇಳಿ ಬಂದ.

ನನಗಂತೂ ಕ್ಯೋಟೊ ಊರಿನ ಮೇಲೆ ಗೌರವ ಜಾಸ್ತಿಯಾಗಿದೆ. ಅವರ ಪರಿಸ್ಥಿತಿ ನೋಡಿ. ಜಪಾನ್ ಸರ್ಕಾರ 2030ರ ಹೊತ್ತಿಗೆ ವರ್ಷಕ್ಕೆ 6 ಕೋಟಿ ವಿದೇಶಿ ಪ್ರವಾಸಿಗರು ಬರಬೇಕು ಅಂತ ಗುರಿ ಇಟ್ಟುಕೊಂಡು ಕೂತಿದೆ. 2024ರಲ್ಲೇ 3 ಕೋಟಿ 68 ಲಕ್ಷ ಜನ ಬಂದರು. ಬಂದವರು ಟೋಕಿಯೊ ನೋಡಿ ಮುಗಿಸಿ ನೆಟ್ಟಗೆ ಇಳಿಯುವುದು ಕ್ಯೋಟೊದಲ್ಲಿ. ಆ ಊರಲ್ಲಿ ಇರುವವರೇ ಹದಿನಾಲ್ಕು ಲಕ್ಷ ಚಿಲ್ಲರೆ. ದೊಡ್ಡಣ್ಣ ಜಗಲಿ ಮೇಲೆ ಕೂತು ಊರಿಗೆಲ್ಲ ಲಗ್ನಪತ್ರಿಕೆ ಹಂಚುತ್ತಾನೆ. ಅಕ್ಕಿ ಡಬ್ಬದೊಳಗೆ ಕೈ ಹಾಕಿ ತಳ ಮುಟ್ಟಿ ನೋಡುವುದು ಅಡುಗೆಮನೆಯಲ್ಲಿರುವ ತಮ್ಮನ ಹೆಂಡತಿ. ಕ್ಯೋಟೊ ಆ ತಮ್ಮನ ಹೆಂಡತಿ.

ಆಕೆ ಬಾಯಿ ಬಿಟ್ಟು "ಹೊರಡಿ" ಅನ್ನುವವಳೂ ಅಲ್ಲ. ಕ್ಯೋಟೊದವರ ಬಗ್ಗೆ ಉಳಿದ ಜಪಾನಿನವರು ಹೇಳಿಕೊಂಡು ನಗುವ ಒಂದು ಮಾತಿದೆ. ನೀವು ಕ್ಯೋಟೊದ ಮನೆಯೊಂದಕ್ಕೆ ಹೋಗಿ ಹರಟೆಗೆ ಕೂತಿದ್ದೀರಿ. ಹೊತ್ತಾಯಿತು. ಆ ಮನೆಯವರು ನಗುನಗುತ್ತಾ "ಒಂಚೂರು ಬುಬುಜುಕೆ ತಿಂದು ಹೋಗ್ತೀರಾ?" ಅಂತಾರೆ. ಬುಬುಜುಕೆ ಅಂದರೆ ಅನ್ನದ ಮೇಲೆ ಬಿಸಿ ಚಹಾ ಸುರಿದು, ಪಕ್ಕಕ್ಕೆ ಉಪ್ಪಿನಕಾಯಿ ಇಟ್ಟ ಊಟ. ಬಡವರ ಮಜ್ಜಿಗೆ ಅನ್ನ ಅಂದುಕೊಳ್ಳಿ. "ಅಯ್ಯೋ ಆಗಲಿ, ಹಾಕಿ" ಅಂದಿರೋ, ಮುಗಿಯಿತು, ನಿಮ್ಮಷ್ಟು ದಡ್ಡರು ಇನ್ನಿಲ್ಲ. ಯಾಕಂದರೆ ಅದರ ಅರ್ಥ "ಇನ್ನು ಎದ್ದು ಹೋಗಿ" ಅಂತ.

ಇದನ್ನು ಜಪಾನಿಗಳ ವಿಚಿತ್ರ ಅಂತ ಹೇಳುವವರಿಗೆ ನಮ್ಮ ಸೋದರತ್ತೆಯ ಪರಿಚಯ ಇಲ್ಲ. ಮೈಸೂರಿನಲ್ಲಿ ಅವರ ಮನೆಗೆ ಪಕ್ಕದ ಬೀದಿಯ ಹೆಂಗಸರು ನಾಲ್ಕು ಗಂಟೆಗೆ ಬಂದು ಕೂರುತ್ತಿದ್ದರು. ಐದಾಯಿತು, ಆರಾಯಿತು. ಏಳಕ್ಕೆ ಸೀರಿಯಲ್ಲು. ಆರೂ ಐವತ್ತಕ್ಕೆ ಅತ್ತೆ ಮಾತಿನ ನಡುವೆಯೇ ಎದ್ದು ಒಳಗೆ ಹೋಗಿ ಅರಿಶಿನ-ಕುಂಕುಮದ ತಟ್ಟೆ ತಂದು ಟೀಪಾಯ್ ಮೇಲೆ ಇಡುತ್ತಿದ್ದರು. ಬಾಯಲ್ಲಿ "ಇರ್ರೀ, ಏನವಸರ, ಕೂತ್ಕೊಳ್ಳಿ" ಅನ್ನುತ್ತಲೇ ಇದ್ದರು. ಹೊರಡುತ್ತೇನೆ ಅಂತ ಯಾರೂ ಅಂದಿರಲೇ ಇಲ್ಲ. ಆದರೂ ಐದು ನಿಮಿಷದಲ್ಲಿ ಮನೆ ಖಾಲಿ. ತಟ್ಟೆ ಕಂಡೂ ಕೂತವರು ನನಗೆ ಗೊತ್ತಿರುವ ಹಾಗೆ ಒಬ್ಬರೇ, ಆಮೇಲೆ ಅವರಿಗೆ ಆ ಮನೆಯಲ್ಲಿ ಕಾಫಿ ಹುಟ್ಟಲಿಲ್ಲ.

ಕ್ಯೋಟೊ ಎಷ್ಟೋ ವರ್ಷದಿಂದ ತಟ್ಟೆ ತಂದು ಇಡುತ್ತಲೇ ಇದೆ. 700 ಯೆನ್‌ಗೆ ದಿನವಿಡೀ ಸಿಟಿ ಬಸ್ಸಲ್ಲಿ ಸುತ್ತುವ ಪಾಸು ಇತ್ತು. ಅದನ್ನು ಕೊಂಡು ಎಲ್ಲರೂ ಸೂಟ್‌ಕೇಸ್ ಸಮೇತ ಹತ್ತಿದರು. ಆಸ್ಪತ್ರೆಗೆ ಹೊರಟ ಅಜ್ಜಿಗೆ ಸ್ಟಾಪಿನಲ್ಲಿ ಮೂರು ಬಸ್ಸು ಹೋದರೂ ಕಾಲಿಡಲು ಜಾಗ ಇಲ್ಲ. 2023ರ ಸೆಪ್ಟೆಂಬರಿಗೆ ಪಾಸಿನ ಮಾರಾಟ ನಿಲ್ಲಿಸಿದರು. (ನಮ್ಮಲ್ಲಿ ಬಸ್ಸು ತುಂಬಿದರೆ ಹೀಗೆಲ್ಲ ತಲೆ ಕೆಡಿಸಿಕೊಳ್ಳಲ್ಲ. ಬಾಗಿಲು ಇರುವುದೇ ನೇತಾಡಲಿಕ್ಕೆ.) 2024ರ ಜೂನ್‌ನಲ್ಲಿ ಪ್ರವಾಸಿಗರಿಗೇ ಅಂತ ಬೇರೆ ಎಕ್ಸ್‌ಪ್ರೆಸ್ ಬಸ್ಸು ಬಿಟ್ಟರು, 500 ಯೆನ್. ಮಾಮೂಲಿ ಬಸ್ಸು 230. ನಮ್ಮ ಜನ ಯಾವುದಕ್ಕೆ ಹತ್ತುತ್ತಾರೆ ಅಂತ ನಾನು ಹೇಳಬೇಕಾ?

ಈಗಿನ ಆಲೋಚನೆ ಇನ್ನೂ ಚೆಂದ. ಊರಿನವರಿಗೆ 200 ಯೆನ್, ಹೊರಗಿನವರಿಗೆ 350ರಿಂದ 400, ಅದೇ ಬಸ್ಸಲ್ಲಿ. ಪಕ್ಕದ ಹಿಮೇಜಿ ಕೋಟೆಯಲ್ಲಂತೂ ಊರಿನವರಿಗೆ 1,000, ಉಳಿದವರಿಗೆ 2,500 ಆಗಿಯೇ ಹೋಗಿದೆ. ಭಾಮೈದ ಕೆಂಡ. "ಇದು ತಾರತಮ್ಯ ಅಲ್ವಾ ಭಾವ? ಚರ್ಮ ನೋಡಿ ರೇಟು ಹಾಕೋದಾ?"

ಚರ್ಮ ಅಲ್ಲ ಮಾರಾಯ, ವಿಳಾಸ. ಟೋಕಿಯೊದ ಜಪಾನಿಯೂ ಜಾಸ್ತಿಯೇ ಕೊಡಬೇಕು. ಚರ್ಮ ನೋಡಿ ರೇಟು ಹಾಕುವುದು ನೋಡಬೇಕಾದರೆ ಹಂಪಿಗೆ ಹೋಗು. ವಿಜಯವಿಠ್ಠಲ ದೇವಸ್ಥಾನದ ಕೌಂಟರ್ ಮುಂದೆ ನಿಲ್ಲು. ನಿನಗೆ 40 ರೂಪಾಯಿ. ಹಿಂದೆ ನಿಂತ ಬಿಳಿಯನಿಗೆ 600. ಹದಿನೈದು ಪಟ್ಟು. ಪಾಪ, ಅವನು ಬೆವರು ಒರೆಸಿಕೊಂಡು ಕೊಟ್ಟು ಹೋಗುತ್ತಾನೆ, ತಾರತಮ್ಯ ಅನ್ನುವ ಪದ ಬಾಯಿಗೆ ತರುವುದಿಲ್ಲ. ತಾಜಮಹಲಿನಲ್ಲಿ ನಮಗೆ 50, ಅವನಿಗೆ 1,100. ಆಗ ನಮಗೆ ಇದು ದೇಶದ ಬೊಕ್ಕಸದ ವಿಷಯ. ನೂರೈವತ್ತು ಯೆನ್ ನಮ್ಮ ಜೇಬಿನಿಂದ ಹೋದಾಗ ಮಾನವ ಹಕ್ಕಿನ ವಿಷಯ.

ಇರಲಿ, ಪ್ಲಾನಿಗೆ ಬರೋಣ. ಪ್ಲಾನು ಎಕ್ಸೆಲ್‌ನಲ್ಲಿದೆ. ನಾಲ್ಕು ದಿನಕ್ಕೆ ಹನ್ನೊಂದು ಶೀಟು. ಭಾಮೈದ ಆಫೀಸಿನಲ್ಲಿ ಇಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದರೆ ಇಷ್ಟೊತ್ತಿಗೆ ಆ ಕಂಪನಿ ಇವನದೇ ಆಗಿರುತ್ತಿತ್ತು. ಮೊದಲ ದಿನದ ಮೊದಲ ಸಾಲು: "4:40, ಫುಶಿಮಿ ಇನಾರಿ." ಬೆಟ್ಟದ ಮೇಲಿನ ದೇವಸ್ಥಾನ. ಬೆಳಗಿನ ಜಾವ 4:40! ನಮ್ಮ ಮನೆಯಲ್ಲಿ ವೈಕುಂಠ ಏಕಾದಶಿಗೂ ಯಾರೂ ಆ ಹೊತ್ತಿಗೆ ಎದ್ದಿಲ್ಲ.

"ಬೇಗ ಹೋದ್ರೆ ಜನ ಇರಲ್ಲ ಭಾವ. ಖಾಲಿ ಗೇಟುಗಳ ಮಧ್ಯೆ ಫೋಟೊ ಸಿಗುತ್ತೆ."

ಈ ಗುಟ್ಟು ಇವನಿಗೆ ಹೇಳಿದ್ದು ಒಂದು ರೀಲ್ಸು. ಆ ರೀಲ್ಸಿಗೆ ಎಪ್ಪತ್ತು ಲಕ್ಷ ವ್ಯೂಸ್. ಹಾಗಾಗಿ ಈಗ ಬೆಟ್ಟದ ಕೆಳಗೆ ಬೆಳಗಿನ ಜಾವ ಟ್ರೈಪಾಡ್ ಹಿಡಿದವರ ಸಾಲಿರುತ್ತದೆ. ಎಲ್ಲರೂ ಖಾಲಿ ಜಾಗಕ್ಕೆ ಬಂದವರು. ಒಬ್ಬರಿಗೊಬ್ಬರು ಕೈ ಆಡಿಸಿ ಪಕ್ಕಕ್ಕೆ ಸರಿ ಅನ್ನುತ್ತಾರೆ. ಅಲ್ಲಿನ ಸಾವಿರಾರು ಕೆಂಪು ತೋರಿ ದ್ವಾರಗಳ ಹಿಂಬದಿಯಲ್ಲಿ ಕಪ್ಪು ಅಕ್ಷರದಲ್ಲಿ ಕೊಡಿಸಿದವರ ಹೆಸರು, ತಾರೀಖು ಇರುತ್ತದೆ. ವ್ಯಾಪಾರ ಚೆನ್ನಾಗಾಗಲಿ ಅಂತ ಅಂಗಡಿಯವರು, ಕಂಪನಿಗಳು ಕೊಡಿಸಿದ್ದು. ಟ್ಯೂಬ್‌ಲೈಟ್ ಪೂರ್ತಿ ದಾನಿಗಳ ಹೆಸರು ಬರೆಸಿ ಬೆಳಕೇ ಹೊರಗೆ ಬಾರದ ಹಾಗೆ ಮಾಡಿದ ನಮ್ಮ ದೇವಸ್ಥಾನ ಕಂಡವರಿಗೆ ಅಲ್ಲಿ ಮನೆಗೆ ಬಂದ ಹಾಗೇ ಆಗುತ್ತದೆ.

9:00ಕ್ಕೆ ಕಿಂಕಾಕು-ಜಿ. ಬಂಗಾರದ ಮಂಟಪ. "ಆರುನೂರು ವರ್ಷ ಹಳೇದು ಭಾವ" ಅಂದ. ಜಾಗ ಹಳೆಯದು, ನಿಜ. ಕಟ್ಟಡಕ್ಕೆ 1950ರಲ್ಲಿ ಅಲ್ಲಿದ್ದ ಒಬ್ಬ ಮರಿ ಸನ್ಯಾಸಿಯೇ ಬೆಂಕಿ ಇಟ್ಟ. ಈಗ ನಿಂತಿರುವುದು 1955ರಲ್ಲಿ ಮತ್ತೆ ಕಟ್ಟಿದ್ದು. ನಮ್ಮ ವಿಧಾನಸೌಧ ಮುಗಿದದ್ದು 1956ರಲ್ಲಿ. ಅಂದರೆ ಎರಡೂ ಹೆಚ್ಚುಕಡಿಮೆ ಓರಗೆಯವು. ಬಂಗಾರದ ರೇಕು ಅವರು ಹೊರಗೋಡೆಗೆ ಹಚ್ಚಿದರು, ಬಿಸಿಲಿಗೆ ಫಳಫಳ ಅನ್ನುತ್ತೆ. ನಮ್ಮದರಲ್ಲೂ ಬಂಗಾರ ಇದೆ ಅಂತಾರೆ, ಹೊರಗೆ ಕಾಣಲ್ಲ ಅಷ್ಟೇ.

10:15ಕ್ಕೆ ರ್‍ಯೋವಾನ್-ಜಿ. ಬಿಳಿ ಜಲ್ಲಿಯ ಮೇಲೆ ಹದಿನೈದು ಬಂಡೆ. ಎಲ್ಲಿ ಕೂತರೂ ಒಟ್ಟಿಗೆ ಹದಿನಾಲ್ಕೇ ಕಾಣುವ ಹಾಗೆ ಇಟ್ಟಿದ್ದಾರೆ. ಕಾಣದ ಒಂದರ ಬಗ್ಗೆ ಯೋಚಿಸುತ್ತಾ ಸುಮ್ನೆ ಕೂರುವ ಜಾಗ ಅದು. ಶೀಟಿನಲ್ಲಿ ಅದಕ್ಕೆ ಕೊಟ್ಟಿರುವ ಸಮಯ ಹದಿನೆಂಟು ನಿಮಿಷ, ಶೂ ಬಿಚ್ಚಿ ಹಾಕುವುದೂ ಸೇರಿ. ಹದಿನೈದನೇ ಬಂಡೆ ಇರಲಿ, ಸೆಲ್ಫಿ ಸ್ಟಿಕ್‌ಗಳ ಮಧ್ಯೆ ಆರು ಬಂಡೆ ಕಂಡರೂ ಪುಣ್ಯ.

ನಾನು ಕೇಳಿದ್ದು ಒಂದೇ ಜಾಗ. ಸಂಜೂಸಾನ್ಗೆನ್-ದೋ. ನೂರಿಪ್ಪತ್ತು ಮೀಟರ್ ಉದ್ದದ ಮರದ ಹಜಾರ, ಅದರೊಳಗೆ ಸಾಲಾಗಿ ಕರುಣೆಯ ಬೋಧಿಸತ್ವ ಕನ್ನೊನ್‌ನ 1,001 ವಿಗ್ರಹ. ಅವುಗಳ ಕಾವಲಿಗೆ ಇಪ್ಪತ್ತೆಂಟು ದೇವತೆಗಳು, ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಸರಸ್ವತಿಯನ್ನು ಅಲ್ಲಿನವರು ಬೆನ್ಜೈತೆನ್ ಅನ್ನುತ್ತಾರೆ. ಗರುಡ ಅಲ್ಲಿ ಕರುರ, ಕೊಕ್ಕಿಗೆ ಕೊಳಲು ಇಟ್ಟು ಊದುತ್ತಾ ನಿಂತಿದ್ದಾನೆ. ನಮ್ಮ ಊರಿನ ಗರುಡ ಸಾವಿರಾರು ವರ್ಷದಿಂದ ವಿಷ್ಣುವನ್ನು ಹೊತ್ತಿದ್ದೇ ಹೊತ್ತಿದ್ದು. ಜಪಾನಿಗೆ ಹೋದ ಗರುಡ ಸಂಗೀತ ಕಲಿತ. ಅದೊಂದನ್ನು ನೋಡಬೇಕು ನನಗೆ.

ಭಾಮೈದ ಆ ಸಾಲನ್ನು ಅಳಿಸಿದ್ದ. ಯಾಕೆ ಅಂದೆ. "ಒಳಗೆ ಫೋಟೊ ತೆಗೆಯೋ ಹಾಗಿಲ್ಲ ಭಾವ. ಹೋಗಿ ಏನ್ ಮಾಡೋದು?"

ನೋಡೋದು ಕಣೋ. ಕಣ್ಣಲ್ಲಿ.

ಇಲ್ಲಿವರೆಗೂ ನಗುತ್ತಾ ಬರೆದೆ. ಇನ್ನೆರಡು ವಿಷಯ ಇವೆ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಗಿಯೊನ್ ಬೀದಿಯಲ್ಲಿ ಸಂಜೆ ಕೆಲಸಕ್ಕೆ ಹೊರಡುವ ಮೈಕೊ ಹುಡುಗಿಯರು ಅಂದರೆ ಹದಿನೈದು, ಹದಿನಾರು, ಹದಿನೇಳರ ಮಕ್ಕಳು. ಹಾಡು, ಕುಣಿತ ಕಲಿಯುತ್ತಿರುವವರು. ಅವರನ್ನು ಫೋನ್ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರೆ. ಕಿಮೊನೊ ತೋಳು ಹಿಡಿದು ಎಳೆಯುತ್ತಾರೆ. ಫೋಟೊ ತೆಗೆದರೆ 10,000 ಯೆನ್ ಅಂತ 2019ರಲ್ಲೇ ಬೋರ್ಡು ಹಾಕಿದರು, ಆ ಬೋರ್ಡಿನ ಫೋಟೊ ತೆಗೆದರು. ಕೊನೆಗೆ 2024ರಲ್ಲಿ ಖಾಸಗಿ ಗಲ್ಲಿಗಳಿಗೆ ಹೊರಗಿನವರು ಬರುವುದೇ ಬೇಡ ಅಂತ ಮುಚ್ಚಿದರು. ಸಂಜೆ ಟ್ಯೂಷನ್ನಿಗೆ ಹೊರಟ ನಮ್ಮನೆ ಹುಡುಗಿಯ ಹಿಂದೆ ಇಪ್ಪತ್ತು ಜನ ಫೋನ್ ಹಿಡಿದು ಓಡಿದರೆ ನಾವು ಬೋರ್ಡು ಹಾಕುತ್ತಿದ್ದೆವಾ?

ಇನ್ನೊಂದು ಅರಶಿಯಾಮದ ಬಿದಿರು. 2025ರಲ್ಲಿ ಅದರ ಫೋಟೊ ಬಂತು. ನೂರಾರು ಬಿದಿರಿನ ಮೇಲೆ ಚಾಕುವಲ್ಲೋ ಬೀಗದ ಕೈಯಲ್ಲೋ ಕೆತ್ತಿದ ಹೆಸರು, ಹಾರ್ಟು, ಬಾಣ. ಮರಕ್ಕಾದರೆ ವರ್ಷ ಕಳೆದ ಹಾಗೆ ತೊಗಟೆ ಕೂಡಿಕೊಳ್ಳುತ್ತದೆ. ಬಿದಿರಿಗೆ ಗಾಯ ಮಾಯುವುದಿಲ್ಲ, ಕಡಿದು ಹಾಕುವವರೆಗೂ ಹಾಗೇ ಇರುತ್ತದೆ. ಕನ್ನಡ ಅಕ್ಷರ ಏನಾದರೂ ಇದೆಯಾ ಅಂತ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ. ಕಾಣಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ. ಹಂಪಿಯ ಕಂಬಗಳ ಮೇಲೆ, ನಂದಿಬೆಟ್ಟದ ಕಲ್ಲಿನ ಮೇಲೆ ಯಾವ ಅಕ್ಷರ ಇದೆ ಅಂತ ನನಗೆ ಗೊತ್ತು. ಸಾಕಾಗಿದೆ. ಯಾವ ದೇಶದವನೇ ಆಗಲಿ, ಆ ಚಾಕು ತೆಗೆಯುವ ಹೊತ್ತಿಗೆ ಅವನ ತಲೆಯಲ್ಲಿ ಏನು ಓಡುತ್ತಿರುತ್ತದೆ ಅಂತ ನನಗೆ ಇವತ್ತಿನವರೆಗೂ ಅರ್ಥ ಆಗಿಲ್ಲ. 10,000 ಯೆನ್ ತೆರಿಗೆ ಇವನ ಮೇಲೆ ಹಾಕಬೇಕಿತ್ತು, ಪ್ರತಿ ಅಕ್ಷರಕ್ಕೆ.

ಊಟದ ಶೀಟು ನಮ್ಮಾಕೆಯದು. ಉಡೋನ್ ಸಾರು ನೋಡಲಿಕ್ಕೆ ತಿಳಿಸಾರಿನ ಹಾಗೇ ಇರುತ್ತೆ, ಮಾಡಿದ್ದು ಒಣಮೀನಿನಲ್ಲಿ. ತರಕಾರಿ ಮಾತ್ರ ಅಂದರೂ ಮೀನಿನ ಸಾರಲ್ಲಿ ಬೇಯಿಸಿದ ತರಕಾರಿ. ಹಾಗಂತ ಊರಿನ ಮೇಲೆ ಮುನಿಸಿಕೊಳ್ಳುವ ಹಾಗಿಲ್ಲ, ಬೌದ್ಧ ಮಠಗಳ ಶೋಜಿನ್ ಊಟ ಪೂರ್ತಿ ಸಸ್ಯಾಹಾರ, ನಾನ್‌ಜೆನ್-ಜಿ ಹತ್ತಿರ ಬಿಸಿ ತೋಫು ಊಟಕ್ಕೆ ಹೆಸರಾದ ಹೋಟೆಲುಗಳಿವೆ. ಆದರೂ ಎರಡು ಕಿಲೊ ಪುಳಿಯೋಗರೆ ಗೊಜ್ಜು ಪ್ಯಾಕ್ ಆಗಿದೆ. ಅಷ್ಟು ದೂರ ಹೋಗಿ ತೋಫು ತಿಂದರೆ ಹೇಗೆ?

ಟಿಕೆಟ್ಟೂ ಆಯಿತು. ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ, ಟೋಕಿಯೊದಿಂದ ಬುಲೆಟ್ ರೈಲು ಶಿಂಕಾನ್‌ಸೆನ್‌ನಲ್ಲಿ ಎರಡೂಕಾಲು ಗಂಟೆ. ಧೈರ್ಯ ಮಾಡಿ ದೊಡ್ಡ ಕೆಲಸಕ್ಕೆ ಕೈ ಹಾಕುವುದಕ್ಕೆ ಜಪಾನಿಗಳು "ಕಿಯೊಮಿಜು ಅಟ್ಟಣಿಗೆಯಿಂದ ಹಾರುವುದು" ಅನ್ನುತ್ತಾರೆ. ಆ ದೇವಸ್ಥಾನದ ಅಟ್ಟಣಿಗೆ ಹದಿಮೂರು ಮೀಟರ್ ಎತ್ತರ. ಹರಕೆ ಹೊತ್ತು ನಿಜವಾಗಿಯೂ ಹಾರುತ್ತಿದ್ದರು, ಹೆಚ್ಚಿನವರು ಬದುಕಿಕೊಂಡರು, 1872ರಲ್ಲಿ ಅದನ್ನು ನಿಷೇಧಿಸಿದರು. ಪೇ ಅನ್ನುವ ಬಟನ್ ಒತ್ತುವಾಗ ನಾನೂ ಕಣ್ಣು ಮುಚ್ಚಿಕೊಂಡೆ.

ಉಳಿದದ್ದು ವೀಸಾ. ಅರ್ಜಿ ಜೊತೆ ದಿನವಹಿ ಪಟ್ಟಿ ಕೊಡಬೇಕು, ಯಾವ ತಾರೀಖು ಎಲ್ಲಿರ್ತೀರಿ ಅಂತ. ಭಾಮೈದ ಹನ್ನೊಂದು ಶೀಟನ್ನು ಒಂದು ಪುಟಕ್ಕೆ ಇಳಿಸಿ, ಒಮ್ಮೆ ನೋಡಿ ಅಂತ ಕಳಿಸಿದ. ಮೂರನೇ ದಿನದ ಸಾಲಿನಲ್ಲಿ ಅವನು ಬರೆದದ್ದನ್ನೆಲ್ಲ ಅಳಿಸಿ "ಸಂಜೂಸಾನ್ಗೆನ್-ದೋ, ಗರುಡ" ಅಂತ ಹಾಕಿ ವಾಪಸ್ ಕಳಿಸಿದೆ.

ಐದು ನಿಮಿಷಕ್ಕೆ ತಿರುಗಿ ಬಂತು. ಗರುಡನ ಪಕ್ಕದಲ್ಲಿ ಸಮಯ ಬಿದ್ದಿತ್ತು. ಹನ್ನೆರಡು ನಿಮಿಷ.