ಸ್ಟೇಟಸ್‌ನ ತೋಳ, ಮರಡಿಯ ತೋಳ

ನಮ್ಮ ಅಕ್ಕನ ಮಗ ಮೊನ್ನೆ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ಹಿಮದ ಮೇಲೆ ದೊಡ್ಡ ತೋಳ, ಹಿಂದೆ ಹುಣ್ಣಿಮೆ ಚಂದ್ರ, ಕೆಳಗೆ 'ನಾನು ಆಲ್ಫಾ'. ಹುಡುಗ ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುತ್ತಾನೆ. ಬೆಳಿಗ್ಗೆ ಅವರವ್ವ ಎಬ್ಬಿಸದಿದ್ದರೆ ಆಲ್ಫಾಗೆ ಬಸ್ ಸಿಗುವುದಿಲ್ಲ. ಇರಲಿ.

ಹಿಂಡಿನಲ್ಲಿ ಹೊಡೆದಾಡಿ ಗೆದ್ದು ಯಜಮಾನ ಆದ ತೋಳವೇ ಆಲ್ಫಾ ಅನ್ನುತ್ತಾರೆ. ಈ ಆಲ್ಫಾ ಕಥೆ ಹುಟ್ಟಿದ್ದು ಕಾಡಿನಲ್ಲಲ್ಲ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದರು. ಬೇಲಿಯೊಳಗೆ ಕೂಡಿಹಾಕಿದರೆ ಜಗಳ ಆಡದೆ ಏನು ಮಾಡುತ್ತವೆ? ದೀಪಾವಳಿ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಸೀಟಿಗಾಗಿ ನಡೆಯುವ ನೂಕಾಟ ನೋಡಿ, 'ಈ ಜನ ಮನೆಯಲ್ಲೂ ಹೀಗೇ ಇರುತ್ತಾರೆ' ಎಂದು ಬರೆದ ಹಾಗೆ.

ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಇದೇ ಮಾತನ್ನು ಊರೆಲ್ಲ ಹಬ್ಬಿಸಿದರು. ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆ ಬೇಸಿಗೆ ಹೋಗಿ ಕಾಡಿನ ತೋಳಗಳ ಹತ್ತಿರವೇ ಕೂತರು. ಅಲ್ಲಿ ಕಂಡದ್ದು ಒಂದು ಸಂಸಾರ. ಅಪ್ಪ, ಅವ್ವ, ಈ ವರ್ಷದ ಮರಿ, ಹೋದ ವರ್ಷದ ಮರಿ. ಹೊಡೆದಾಡಿ ಯಜಮಾನ ಆದವರು ಯಾರೂ ಇಲ್ಲ. 1999ರಲ್ಲಿ 'ಆಲ್ಫಾ' ಎಂಬ ಪದ ಸರಿಯಿಲ್ಲ ಎಂದು ತಾವೇ ಬರೆದರು. ತಮ್ಮದೇ ಪುಸ್ತಕ ನಿಲ್ಲಿಸಿ ಎಂದು ಪ್ರಕಾಶಕರ ಬೆನ್ನು ಬಿದ್ದರು. ಅದು ನಿಂತದ್ದು 2022ರಲ್ಲಿ. ಈ ಮನುಷ್ಯ ನನಗೆ ಅದಕ್ಕೇ ಇಷ್ಟ.

ಬೀಳಗಿ ಕಡೆ ನಮ್ಮ ಹೊಲದಲ್ಲಿ ವರ್ಷಕ್ಕೊಮ್ಮೆ ಗೊಬ್ಬರಕ್ಕೆ ಕುರಿ ನಿಲ್ಲಿಸುವ ಕಾಕಾ ಒಬ್ಬರಿದ್ದಾರೆ. ಎರಡು ವರ್ಷದ ಹಿಂದೆ ಅವರ ಎರಡು ಕುರಿಮರಿಗಳನ್ನು ತೋಳ ಒಯ್ದಿತ್ತು. ಬೈಯುತ್ತಾರೆ ಅಂದುಕೊಂಡಿದ್ದೆ. "ಏನ್ ಮಾಡೂದು ತಮ್ಮಾ, ಅದಕ್ಕೂ ಮನ್ಯಾಗ ಮಕ್ಕಳು ಅದಾವು" ಅಂದರು. ಬೇಟೆಯಿಂದ ಬಂದ ತೋಳ ಮರಿಗಳ ಮುಂದೆ ಮಾಂಸ ಕಕ್ಕಿ ತಿನ್ನಿಸುವುದನ್ನು ಅವರು ಕಣ್ಣಾರೆ ಕಂಡವರು. ಮೆಕ್ ಹೆಸರು ಕೇಳಿಲ್ಲ. ಪರಿಹಾರ ಕೇಳಲು ಹೋದರೆ ಇಲಾಖೆಯವರು, 'ನಾಯಿ ಅಲ್ಲ, ತೋಳ ಅನ್ನೋದಕ್ಕೆ ಪುರಾವೆ ಏನು' ಅಂದರಂತೆ. ತೋಳ ಸಹಿ ಹಾಕಿ ಹೋಗಿರಲಿಲ್ಲ ನೋಡಿ.

ಹಾಗಂತ ನಮ್ಮವರೆಲ್ಲ ತೋಳದ ಮೇಲೆ ಪ್ರೀತಿ ಸುರಿಸಿದವರೇನಲ್ಲ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಗಾದೆ ನಮ್ಮದೇ ಅಲ್ವಾ? ಆದರೆ ಆ ಕಲ್ಲಿಗೆ ಕೂಲಿ ಕೊಟ್ಟವರು ಬ್ರಿಟಿಷರು. ತೋಳ ಕೊಂದು ತಂದರೆ ಸರ್ಕಾರದ ಇನಾಮು. 1875ರಿಂದ 1925ರವರೆಗೆ ದೇಶದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ತೋಳ ಸತ್ತವು ಎನ್ನುತ್ತದೆ ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕ. ಅದೇ ಕಾಲದಲ್ಲಿ ಸತ್ತ ಹುಲಿ ಎಂಬತ್ತು ಸಾವಿರದ ಮೇಲೆ. ಸತ್ತ ಹುಲಿಯ ಪಕ್ಕ ಬಂದೂಕು ಹಿಡಿದು ನಿಂತ ರಾಜರ ಫೋಟೋ ಎಷ್ಟು ಬೇಕಾದರೂ ಸಿಗುತ್ತವೆ. ತೋಳದ ಪಕ್ಕ ನಿಂತವರದ್ದು ನಾನು ಒಂದೂ ನೋಡಿಲ್ಲ. ಕೊಲ್ಲುವುದರಲ್ಲೂ ಮರ್ಯಾದೆ ಸಿಗಲಿಲ್ಲ.

1972ರ ವನ್ಯಜೀವಿ ಕಾನೂನಿನಲ್ಲಿ ಹುಲಿ, ತೋಳ ಎರಡೂ ಈಗ ಹೆಚ್ಚಿನ ರಕ್ಷಣೆಯ ಒಂದೇ ಪಟ್ಟಿಯಲ್ಲಿವೆ. ಕಾಗದದ ಮೇಲೆ ಸರಿ. ಆದರೆ ಹುಲಿಗೆ ಕಾಡಿದೆ. ತೋಳಕ್ಕೆ ಬೇಕಾದದ್ದು ಬಯಲು, ಹುಲ್ಲು, ಕುರುಚಲು, ಕಲ್ಲಿನ ಮರಡಿ. ಅದನ್ನು ನಾವು 'ಪಾಳು ಭೂಮಿ' ಅನ್ನುತ್ತೇವೆ. ಸಸಿ ನೆಡಬೇಕೆಂದರೂ ಅದೇ ಜಾಗ, ಫ್ಯಾಕ್ಟರಿಗೂ ಅದೇ, ಕಸ ಸುರಿಯಲೂ ಅದೇ. ಕಸಕ್ಕೆ ಬೀದಿನಾಯಿ ಬರುತ್ತವೆ, ತೋಳದ ಜತೆ ಕೂಡುತ್ತವೆ. ಮುಂದೆ ಹುಟ್ಟುವುದು ಅತ್ತ ತೋಳವೂ ಅಲ್ಲ, ಇತ್ತ ನಾಯಿಯೂ ಅಲ್ಲ. ನಮ್ಮ ತೋಳದ್ದು ಜಗತ್ತಿನ ತುಂಬಾ ಹಳೆಯ ತೋಳವಂಶಗಳಲ್ಲಿ ಒಂದು ಎಂದು ವಂಶವಾಹಿ ಅಧ್ಯಯನ ಹೇಳುತ್ತಿರುವ ಹೊತ್ತಿಗೇ ಇದು ನಡೆಯುತ್ತಿದೆ. ನಮ್ಮ ಜಿಲ್ಲೆಯಲ್ಲಿ ಸದ್ಯಕ್ಕೆ ಯಡಹಳ್ಳಿ ಇದೆ. ಚಿಂಕಾರ ಎಂಬ ಸಣ್ಣ ಹುಲ್ಲೆಗೆಂದು 2016ರಲ್ಲಿ ಘೋಷಿಸಿದ ಸುಮಾರು 96 ಚದರ ಕಿಲೋಮೀಟರ್ ವನ್ಯಧಾಮ. ಚಿಂಕಾರದ ಹೆಸರಲ್ಲಿ ತೋಳಕ್ಕೂ ಒಂದಿಷ್ಟು ನೆಲೆ ಸಿಕ್ಕಿದೆ.

ಆ ಕಡೆ ಬೈಕಿನಲ್ಲಿ ಬರುವಾಗ ಒಂದು ಸಂಜೆ ನನಗೂ ಒಂದು ಕಂಡಿತ್ತು. ಬಡಕಲು ಮೈ, ಉದ್ದ ಕಾಲು, ಒಣಹುಲ್ಲಿನ ಬಣ್ಣ. ಒಮ್ಮೆ ತಿರುಗಿ ನೋಡಿ, ಅವಸರವಿಲ್ಲದೆ ಮರಡಿ ಹತ್ತಿ ಹೋಯಿತು. ಮೊಬೈಲಿನಲ್ಲಿ ತೆಗೆದ ಫೋಟೋ ಸ್ವಲ್ಪ ಅಲುಗಾಡಿದೆ. ಮೊನ್ನೆ ಅದನ್ನೇ ಅಕ್ಕನ ಮಗನಿಗೆ ಕಳಿಸಿ, 'ಇದನ್ನು ಸ್ಟೇಟಸ್ ಹಾಕು' ಅಂದೆ.

'ಮಾಮಾ, ಇದು ನಾಯಿ ಅಲ್ವಾ?' ಅಂತ ಉತ್ತರ ಬಂತು.