ಒಂದೇ ರೇಸ್ ಗೆದ್ದು ಚಾಂಪಿಯನ್ ಆದ್ರೆ ಅದೃಷ್ಟಾನಾ?
1982ರ ಫಾರ್ಮುಲಾ ಒನ್ ಕಾರ್ ರೇಸ್ ಸೀಸನ್ ಬಗ್ಗೆ ನೀವು ಬರೆದಿದ್ದೆಲ್ಲಾ ಇಷ್ಟ ಆಯ್ತು, ಆದ್ರೆ ಒಂದೇ ರೇಸ್ ಗೆದ್ದ ವಿಲಿಯಮ್ಸ್ ಟೀಮ್ ಡ್ರೈವರ್ ಕೆಕೆ ರೋಸ್‌ಬರ್ಗ್‌ಗೆ ಚಾಂಪಿಯನ್ ಟೈಟಲ್ ಬರೀ ಅದೃಷ್ಟದಿಂದ ಬಂತು ಅನ್ನೋ ಮಾತು ನಾನಂತೂ ಒಪ್ಪಲ್ಲ. ಆ ವರ್ಷ 16 ರೇಸ್‌ಗೆ 11 ಜನ ಬೇರೆ ಬೇರೆ ವಿನ್ನರ್‌ಗಳು, ಎರಡಕ್ಕಿಂತ ಜಾಸ್ತಿ ಯಾರೂ ಗೆದ್ದೇ ಇಲ್ಲ, ಅಂಥದ್ರಲ್ಲಿ ರೆನೋ, ಫೆರಾರಿ ಟೀಮ್‌ಗಳ ಜಾಸ್ತಿ ಪವರ್ ಇರೋ ಟರ್ಬೋ ಇಂಜಿನ್‌ಗಳ ಎದುರು ಟರ್ಬೋ ಇಲ್ಲದ ಕಾಸ್ವರ್ತ್ ಇಂಜಿನ್ ಇಟ್ಕೊಂಡು 44 ಪಾಯಿಂಟ್ ಮಾಡೋದು ಸುಮ್ನೆನಾ? ಬ್ರೆಜಿಲ್‌ನಲ್ಲಿ ಸೆಕೆಂಡ್ ಬಂದಿದ್ದನ್ನ ಡಿಸ್‌ಕ್ವಾಲಿಫೈ ಮಾಡಿ ಕಿತ್ಕೊಂಡ್ರು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಜರ್ಮನಿಯ ಹಾಕನ್‌ಹೈಮ್ ಟ್ರ್ಯಾಕ್‌ನಲ್ಲಿ, ಪಾಯಿಂಟ್‌ನಲ್ಲಿ ಮುಂದಿದ್ದ ಫೆರಾರಿ ಡ್ರೈವರ್ ಪಿರೋನಿ ಕಾಲು ಮುರ್ಕೊಳ್ದೆ ಇದ್ದಿದ್ರೆ ಅವನೇ ಟೈಟಲ್ ಗೆಲ್ತಿದ್ನೇನೋ, ನಿಜ. ಆದ್ರೆ ಬೆಲ್ಜಿಯಂನ ಜೋಲ್ಡರ್ ಟ್ರ್ಯಾಕ್‌ನಲ್ಲಿ ಇನ್ನೊಬ್ಬ ಫೆರಾರಿ ಡ್ರೈವರ್ ವಿಲ್‌ನ್ಯೂವ್ ಪ್ರಾಣಾನೇ ಹೋದ ಸೀಸನ್ ಅದು, ಕೊನೇವರೆಗೂ ಕಾರು ಉಳಿಸ್ಕೊಂಡು ಓಡ್ಸೋದೇ ದೊಡ್ಡ ಕಲೆ ಆಗಿತ್ತು ಸರ್.